ಫೋನ್ ಮಾರುವವರ ಹರಕೆ ಆಟ

“ಫೋನ್ ಮಾರುವವನಿಗೆ ಆಟ ಆಡಿಸುವ ಉಸಾಬರಿ ಎಂತಕ್ಕೆ ಮಾರಾಯ್ರೆ?”

ಕಾಂಪೌಂಡ್ ಗೋಡೆಯ ಆಚೆಯಿಂದ ಶೆಟ್ರ ಪ್ರಶ್ನೆ. ಪಕ್ಕದ ಮನೆಯ ಶೆಟ್ರು ಕುಂದಾಪುರದ ಕಡೆಯವರು, ಅಲ್ಲಿ ಆಟ ಅಂದರೆ ಯಕ್ಷಗಾನ. ಬ್ಯಾಂಕ್ ಮ್ಯಾನೇಜರಾಗಿ ಊರೂರು ಸುತ್ತಿ, ರಿಟೈರಾದ ಮೇಲೆ ಮೈಸೂರಿಗೆ ಬಂದು ಮನೆ ಕಟ್ಟಿದವರು. ಗಿಡಗಳಿಗೆ ನೀರು ಬಿಡುವಾಗಲೇ ಅವರಿಗೆ ಲೋಕದ ಸಂದೇಹಗಳೆಲ್ಲ ಹುಟ್ಟುವುದು. ನಾನು ಉತ್ತರ ಹುಡುಕುವಷ್ಟರಲ್ಲಿ ಪೈಪು ದಾಸವಾಳ ದಾಟಿ ಕರಿಬೇವಿಗೆ ಹೋಗಿರುತ್ತದೆ. ಈ ಸಲ ಮಾತ್ರ ನಲ್ಲಿ ನಿಲ್ಲಿಸಿ ಬಂದು ಗೋಡೆಗೆ ಮೊಣಕೈ ಊರಿದರು. ಇವತ್ತು ಕಾಫಿ ತಣ್ಣಗಾಗುವುದು ಖಂಡಿತ ಅಂದುಕೊಂಡೆ.

ಆಗಿದ್ದು ಇಷ್ಟು. ಅವರ ಮನೆಯ ಬ್ರಾಡ್‌ಬ್ಯಾಂಡ್ ಪ್ಲ್ಯಾನ್ ಬದಲಾಯಿಸಿದಾಗ ಆಪಲ್ ಟಿವಿಯೂ ಜೊತೆಗೆ ಬಂದಿದೆ. ದುಡ್ಡು ಕೊಟ್ಟ ಮೇಲೆ ನೋಡದೆ ಬಿಟ್ಟರೆ ನಷ್ಟವಲ್ಲವೇ ಎಂದು ಶೆಟ್ರು ‘ಸ್ಲೋ ಹಾರ್ಸಸ್’ ಹಾಕಿದ್ದಾರೆ. ಲಂಡನ್ನಿನ ಗೂಢಚಾರರಲ್ಲಿ ಎಡವಟ್ಟು ಮಾಡಿಕೊಂಡವರನ್ನೆಲ್ಲ ಒಂದು ಹಳೇ ಕಟ್ಟಡಕ್ಕೆ ದಬ್ಬಿ ಕಾಗದ ತಿರುವಿಹಾಕಿಸುವ ಕಥೆ ಅದು. ಅಲ್ಲಿನ ಮುಖ್ಯಸ್ಥ ಜಾಕ್ಸನ್ ಲ್ಯಾಂಬ್. ಎಣ್ಣೆ ಸುರಿಯುವ ತಲೆ, ತೂತು ಬಿದ್ದ ಕಾಲುಚೀಲ, ಆ ಕಾಲನ್ನೇ ಮೇಜಿನ ಮೇಲೆ ಚಾಚಿ ಕೂತು ಕೈಕೆಳಗಿನವರನ್ನು ಬೈಯುವುದೇ ಕಸುಬು. ಆ ಪಾತ್ರ ಮಾಡಿದ ಗ್ಯಾರಿ ಓಲ್ಡ್‌ಮನ್ ಎಂಥ ನಟ ಎನ್ನುವುದಕ್ಕೆ ಆ ಕಾಲುಚೀಲವೊಂದೇ ಸಾಕು.

“ನಾನು ಇದ್ದ ಬ್ರಾಂಚೇ ಮಾರಾಯ್ರೆ ಅದು! ರೀಜನಲ್ ಆಫೀಸಿನವರಿಗೆ ಎದುರು ಮಾತಾಡಿದವರನ್ನೆಲ್ಲ ಅಲ್ಲಿಗೇ ಹಾಕುತ್ತಿದ್ದದ್ದು,” ಎಂದು ಶೆಟ್ರು ಉಬ್ಬಿದರು.

“ಕಾಲುಚೀಲವೂ ಹಾಗೇ ಇತ್ತು,” ಎಂದಿತು ಒಳಗಿನಿಂದ ಶೆಟ್ರಮ್ಮನ ದನಿ.

ಶೆಟ್ರು ಕೇಳಿಸಲೇ ಇಲ್ಲ ಎಂಬಂತೆ ಮುಂದುವರಿದರು. “ಆಟ ಒಳ್ಳೇದುಂಟು, ಅದಲ್ಲ ಪ್ರಶ್ನೆ. ಇವರ ವ್ಯಾಪಾರ ಎಂತದ್ದು? ಫೋನು, ಕಂಪ್ಯೂಟರು. ಅದು ಬಿಟ್ಟು ಇದು ಗಿಟ್ಟುತ್ತದಾ?”

ನನಗೂ ಮಾತಿನ ಚಪಲ. “ಶೆಟ್ರೇ, ಇವರೊಬ್ಬರೇ ಅಲ್ಲ. ಇವರಿಗಿಂತ ಮುಂಚೆ ಕೈಹಾಕಿ ಕೈ ಸುಟ್ಟುಕೊಂಡವರ ದೊಡ್ಡ ಪಟ್ಟಿಯೇ ಇದೆ,” ಎಂದು ಶುರುಮಾಡಿದೆ.

ಮೈಕ್ರೋಸಾಫ್ಟ್ 2012ರಲ್ಲಿ, ಸಿಬಿಎಸ್ ಟಿವಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯಾನ್ಸಿ ಟೆಲ್ಲೆಮ್ ಅವರನ್ನು ಕರೆತಂದು, ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಹೆಸರಿನಲ್ಲಿ ಸ್ಟುಡಿಯೋ ತೆರೆಯಿತು. 2014ರ ಜುಲೈನಲ್ಲಿ ಸಾವಿರಾರು ನೌಕರರನ್ನು ಮನೆಗೆ ಕಳಿಸುವ ಪಟ್ಟಿ ಹೊರಬಿದ್ದಾಗ ಸ್ಟುಡಿಯೋಗೂ ಮಂಗಳ ಹಾಡಿದರು. ಯಾಹೂ ಇನ್ನೊಂದು ದಾರಿ ಹಿಡಿಯಿತು. ಎನ್‌ಬಿಸಿ ವಾಹಿನಿಯವರು ಐದು ಸೀಸನ್ ನಡೆಸಿ ಕೈಬಿಟ್ಟಿದ್ದ ‘ಕಮ್ಯುನಿಟಿ’ ಎಂಬ ಹಾಸ್ಯ ಧಾರಾವಾಹಿಯ ಆರನೇ ಸೀಸನ್ನನ್ನು 2015ರಲ್ಲಿ ತಾನೇ ಮಾಡಿಸಿತು. ಅದೂ ಸೇರಿ ಮೂರು ಧಾರಾವಾಹಿಗಳ ಬಾಬ್ತು 4.2 ಕೋಟಿ ಡಾಲರ್ ನಷ್ಟ ಬರೆದುಕೊಂಡು, 2016ರ ಜನವರಿಯಲ್ಲಿ ಆ ವಿಡಿಯೊ ಅಂಗಡಿಯನ್ನೇ ಮುಚ್ಚಿತು.

“ಇಷ್ಟು ಬೇಗ ರೈಟ್ ಆಫಾ?” ಶೆಟ್ರಿಗೆ ಹೊಟ್ಟೆಕಿಚ್ಚು. “ನಮ್ಮಲ್ಲಿ ಒಂದು ಎಮ್ಮೆ ಸಾಲ ತೆಗೆದುಹಾಕಬೇಕಾದರೆ ಎಮ್ಮೆಯ ಕಿವಿ ಓಲೆಯಿಂದ ಹಿಡಿದು ಎಲ್ಲ ಬೇಕಿತ್ತು.”

ಫೇಸ್‌ಬುಕ್ಕಿನವರು 2017ರಲ್ಲಿ ‘ವಾಚ್’ ಎಂದು ಶುರುಮಾಡಿ ಒಂದೆರಡು ಒಳ್ಳೆಯ ಧಾರಾವಾಹಿಗಳನ್ನೇ ಮಾಡಿಸಿದರು. 2023ರ ಹೊತ್ತಿಗೆ ಸ್ವಂತ ಕಾರ್ಯಕ್ರಮಗಳ ಗೊಡವೆಯೇ ಬೇಡ ಎಂದು ಕೈತೊಳೆದುಕೊಂಡರು. ಯೂಟ್ಯೂಬಿನದು ಎಲ್ಲರಿಗಿಂತ ಸೊಗಸಾದ ಕಥೆ. ಅದು 2018ರಲ್ಲಿ ಮಾಡಿಸಿದ ‘ಕೋಬ್ರಾ ಕಾಯ್’ ಜನಪ್ರಿಯವಾಯಿತು. ಆದರೂ ಅದನ್ನು ಬಿಟ್ಟುಕೊಟ್ಟಿತು. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದ ಆ ಧಾರಾವಾಹಿ ಅಲ್ಲಿ ಆರನೇ ಸೀಸನ್ನಿನವರೆಗೆ ಮೆರೆಯಿತು. 2022ರಲ್ಲಿ ಯೂಟ್ಯೂಬ್ ತನ್ನ ಧಾರಾವಾಹಿ ವಿಭಾಗಕ್ಕೇ ಬಾಗಿಲು ಹಾಕಿತು. ಇಷ್ಟಾಗಿಯೂ ಇವತ್ತು ಅಮೆರಿಕದ ಟಿವಿ ಪರದೆಗಳ ಮೇಲೆ ಬೇರೆ ಯಾವುದೇ ಸ್ಟ್ರೀಮಿಂಗ್ ಸೇವೆಗಿಂತ ಹೆಚ್ಚು ಹೊತ್ತು ಓಡುವುದು ಯೂಟ್ಯೂಬೇ. ಊರವರೆಲ್ಲ ತಮ್ಮ ಖರ್ಚಿನಲ್ಲೇ ವಿಡಿಯೊ ಮಾಡಿ ತಂದು ಸುರಿಯುವಾಗ, ಬರುವ ಜಾಹೀರಾತಿನಲ್ಲಿ ಅವರಿಗೊಂದು ಪಾಲು ಕೊಟ್ಟರೆ ಸಾಕು. ತಾನೇ ಅಡುಗೆ ಮಾಡುವ ಕರ್ಮ ಯಾಕೆ?

“ದುಡ್ಡಿದ್ದೂ ಸೋತರಲ್ಲ, ಯಾಕೆ?”

ತಾಳ್ಮೆ ಇರಲಿಲ್ಲ ಶೆಟ್ರೇ. ಅವರ ಕಸುಬಿನ ಅಭ್ಯಾಸವೇ ಬೇರೆ. ಆ್ಯಪ್ ಒಂದನ್ನು ಅರೆಬೆಂದ ಹಾಗೇ ಜನರ ಕೈಗೆ ಕೊಡಬಹುದು. ಜನ ಬೈದ ಮೇಲೆ ಮುಂದಿನ ವಾರ ಅಪ್‌ಡೇಟ್ ಕಳಿಸಿದರಾಯಿತು. ಧಾರಾವಾಹಿಯ ಮೊದಲ ಕಂತು ಕೆಟ್ಟರೆ ಅಪ್‌ಡೇಟ್ ಎಲ್ಲಿಂದ ಬರಬೇಕು? ನೋಡಿದವನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದೇ ಹಳೇ ಅಭ್ಯಾಸದಲ್ಲಿ ಅಮೆಜಾನಿನವರು 2013ರಲ್ಲಿ ಮೊದಲ ಕಂತುಗಳನ್ನು ಸಾಲಾಗಿ ಗಿರಾಕಿಗಳ ಮುಂದಿಟ್ಟು, ಯಾವುದು ಬೇಕು ಹೇಳಿ ಎಂದು ಅಭಿಪ್ರಾಯ ಕೇಳಿದರು. ಚಪ್ಪಲಿ, ಚಾರ್ಜರುಗಳಿಗೆ ನಕ್ಷತ್ರ ಹಾಕಿಸಿಕೊಂಡು ರೂಢಿ ಇದ್ದವರಲ್ಲವೇ.

ಆಪಲಿನವರ ಮೊದಲ ಪ್ರಯೋಗ ಇನ್ನೂ ತಮಾಷೆ. 2017ರಲ್ಲಿ ಬಂದ ಅದರ ಹೆಸರು ‘ಪ್ಲಾನೆಟ್ ಆಫ್ ದಿ ಆ್ಯಪ್ಸ್’. ಆ್ಯಪ್ ಮಾಡುವ ಹುಡುಗರು ಎಸ್ಕಲೇಟರ್ ಮೇಲೆ ನಿಂತು ಕೆಳಗಿಳಿಯುತ್ತಾ ಬರಬೇಕು. ಕೆಳಗೆ ಸಿನಿಮಾ ತಾರೆಯರೂ ಸೇರಿ ಹೆಸರುವಾಸಿಗಳು ಕೂತಿರುತ್ತಾರೆ. ಮೆಟ್ಟಿಲು ನೆಲ ಮುಟ್ಟುವ ಅರವತ್ತು ಸೆಕೆಂಡಿನೊಳಗೆ ತಮ್ಮ ಆ್ಯಪ್ ಎಷ್ಟು ಅದ್ಭುತ ಎಂದು ಒದರಿ ಮುಗಿಸಬೇಕು. ವಿಮರ್ಶಕರು ಹಿಗ್ಗಾಮುಗ್ಗಾ ಝಾಡಿಸಿದರು. ಒಂದೇ ಸೀಸನ್ನಿಗೆ ಮುಗಿಯಿತು.

ಅದೇ ವರ್ಷ ಆಪಲ್ ಮಾಡಿದ ಬುದ್ಧಿವಂತಿಕೆ ಎಂದರೆ, ಸೋನಿಯಲ್ಲಿ ‘ಬ್ರೇಕಿಂಗ್ ಬ್ಯಾಡ್’ನಂಥ ಧಾರಾವಾಹಿಗಳ ಉಸ್ತುವಾರಿ ನೋಡಿದ್ದ ಝ್ಯಾಕ್ ವ್ಯಾನ್ ಆಂಬರ್ಗ್, ಜೇಮಿ ಎರ್ಲಿಕ್ಟ್ ಎಂಬಿಬ್ಬರನ್ನು ಕರೆದು ಬೀಗದ ಕೈ ಕೊಟ್ಟಿದ್ದು. 2019ರ ನವೆಂಬರ್ 1ರಂದು ಸೇವೆ ಶುರುವಾದಾಗ ಅಮೆರಿಕದಲ್ಲಿ ತಿಂಗಳಿಗೆ 4.99 ಡಾಲರ್, ನಮ್ಮಲ್ಲಿ 99 ರೂಪಾಯಿ. ಫೋನ್ ಕೊಂಡವರಿಗೆ ಒಂದು ವರ್ಷ ಪುಕ್ಕಟೆ. ಕಪಾಟಿನಲ್ಲಿ ನೋಡಿದರೆ ಹತ್ತು ಕಾರ್ಯಕ್ರಮವೂ ಇರಲಿಲ್ಲ. ಜನ ನಕ್ಕರು.

ಮರುವರ್ಷ ಆಗಸ್ಟಿನಲ್ಲಿ, ಎಲ್ಲರೂ ಕೊರೊನಾ ಹೆದರಿಕೆಯಲ್ಲಿ ಮನೆಯೊಳಗೆ ಕೂತಿದ್ದಾಗ ‘ಟೆಡ್ ಲ್ಯಾಸೊ’ ಬಂತು. ಫುಟ್‌ಬಾಲಿನ ಗಂಧಗಾಳಿ ಇಲ್ಲದ ಒಬ್ಬ ಅಮೆರಿಕದ ಕೋಚ್ ಇಂಗ್ಲೆಂಡಿನ ತಂಡಕ್ಕೆ ಬರುತ್ತಾನೆ. ತಂಡ ಮುಳುಗಲಿ ಎಂದೇ ಅವನನ್ನು ಕರೆಸಿಕೊಂಡ ಯಜಮಾನಿಗೆ ಪ್ರತಿ ಬೆಳಿಗ್ಗೆ ಒಂದು ಪುಟ್ಟ ಗುಲಾಬಿ ಡಬ್ಬಿಯಲ್ಲಿ ಬಿಸ್ಕತ್ತು ತಂದುಕೊಡುತ್ತಾನೆ. ಆಕೆ ಬೇಡ ಬೇಡ ಎನ್ನುತ್ತಲೇ ಒಂದು ಕಚ್ಚಿ ನೋಡುತ್ತಾಳೆ. ಆಮೇಲೆ ಆ ಡಬ್ಬಿ ಬರುವ ಹೊತ್ತಿಗೆ ಕಾಯತೊಡಗುತ್ತಾಳೆ. ಬೇಹುಗಾರಿಕೆಯಿಲ್ಲ, ಕೊಲೆಯಿಲ್ಲ, ಆ ಬಿಸ್ಕತ್ತಿನಿಂದಲೇ ಜನ ಕೂತು ನೋಡಿದರು. 2021, 2022ರಲ್ಲಿ ಸಾಲಾಗಿ ಎರಡು ಸಲ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಬಂತು. ಅಂದಹಾಗೆ, ಈ ಟೆಡ್ ಲ್ಯಾಸೊ ಮೊದಲು ಹುಟ್ಟಿದ್ದು ಎನ್‌ಬಿಸಿ ಕ್ರೀಡಾ ವಾಹಿನಿಯ ಫುಟ್‌ಬಾಲ್ ಪ್ರಚಾರದ ಜಾಹೀರಾತಿನಲ್ಲಿ, 2013ರಲ್ಲಿ.

2022ರ ಮಾರ್ಚಿನಲ್ಲಿ ಆಪಲಿನ ‘ಕೋಡಾ’ ಸಿನಿಮಾ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಸ್ಟ್ರೀಮಿಂಗ್ ಸೇವೆಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ನೆಟ್‌ಫ್ಲಿಕ್ಸ್ ವರ್ಷಗಟ್ಟಲೆ ಬಾಯಿಬಿಟ್ಟುಕೊಂಡು ಕಾದಿದ್ದು ಎರಡೂವರೆ ವರ್ಷದ ಕೂಸಿಗೆ ದಕ್ಕಿತು. 2025ರ ಎಮ್ಮಿಗಳಲ್ಲಿ ಆಪಲಿನದೇ ‘ದಿ ಸ್ಟುಡಿಯೋ’ಗೆ 13, ‘ಸೆವರೆನ್ಸ್’ಗೆ 8.

“‘ಸೆವರೆನ್ಸ್’ ನಾನೂ ನೋಡಿದೆ,” ಎಂದರು ಶೆಟ್ರು. “ಆಫೀಸಿನಲ್ಲಿ ಮನೆ ನೆನಪಿರಬಾರದು ಅಂತ ತಲೆಗೆ ಆಪರೇಷನ್ನು. ನಮ್ಮ ಸ್ಟಾಫಿಗೆ ಆಫೀಸಿನಲ್ಲಿ ಆಫೀಸೇ ನೆನಪಿರುತ್ತಿರಲಿಲ್ಲ, ಆಪರೇಷನ್ ಇಲ್ಲದೆ. ಮತ್ತೆ ಇನ್ನೊಂದು ಗೊತ್ತುಂಟಾ? ಈ ಫೋನಿನವರ ಸಿನಿಮಾದಲ್ಲಿ ಕಳ್ಳ ಯಾರು ಅಂತ ಫೋನ್ ನೋಡಿ ಹೇಳಬಹುದಂತೆ.”

ಅದರಲ್ಲಿ ಸ್ವಲ್ಪ ಸತ್ಯವಿದೆ. ಸಿನಿಮಾದವರು ಐಫೋನ್ ಬಳಸಬಹುದು, ಆದರೆ ಖಳರ ಕೈಯಲ್ಲಿ ಅದು ಕಾಣಬಾರದು ಎನ್ನುವುದು ಆಪಲಿನ ಕಟ್ಟಳೆ ಎಂದು ನಿರ್ದೇಶಕ ರಿಯಾನ್ ಜಾನ್ಸನ್ 2020ರಲ್ಲೇ ಗುಟ್ಟು ಒಡೆದಿದ್ದ.

“ಸರಿ, ಹೆಸರು ಬಂತು. ಬ್ಯಾಲೆನ್ಸ್ ಶೀಟ್ ಹೇಳಿ.” ಶೆಟ್ರೊಳಗಿನ ಮ್ಯಾನೇಜರ್ ಎದ್ದು ಕೂತರು.

ಹೇಳಿದೆ. ಈ ಸೇವೆಯಿಂದ ಆಪಲಿಗೆ ವರ್ಷಕ್ಕೆ 100 ಕೋಟಿ ಡಾಲರಿಗೂ ಹೆಚ್ಚು ನಷ್ಟ ಎಂದು ‘ದಿ ಇನ್ಫರ್ಮೇಷನ್’ ಎಂಬ ಸುದ್ದಿತಾಣ 2025ರ ಮಾರ್ಚಿನಲ್ಲಿ ವರದಿ ಮಾಡಿತು. ಚಂದಾದಾರರು ಎಷ್ಟು ಎಂದು ಕಂಪನಿ ಬಾಯಿ ಬಿಡುವುದಿಲ್ಲ. ದರವನ್ನು ಏರಿಸುತ್ತಾ ಏರಿಸುತ್ತಾ ಅಮೆರಿಕದಲ್ಲಿ ತಿಂಗಳಿಗೆ 12.99 ಡಾಲರಿಗೆ ತಂದಿದೆ. ಶೆಟ್ರ ಮುಖ ಗಂಟಾಯಿತು. ಆಗ ಇನ್ನೊಂದು ಲೆಕ್ಕ ಹೇಳಿದೆ. 2024ರ ಹಣಕಾಸು ವರ್ಷದಲ್ಲಿ ಅದೇ ಕಂಪನಿಯ ನಿವ್ವಳ ಲಾಭ ಸುಮಾರು 9,370 ಕೋಟಿ ಡಾಲರ್. ಅಂದರೆ ಈ ನಷ್ಟ ಅವರ ನಾಲ್ಕು ದಿನದ ಲಾಭ.

ಶೆಟ್ರು ಮನಸ್ಸಿನಲ್ಲೇ ಭಾಗಾಕಾರ ಮಾಡಿ ನೋಡಿದರು. ತಾಳೆಯಾಯಿತು. ಮುಖ ಬಿಚ್ಚಿಕೊಂಡಿತು.

“ಹೋ! ಇದು ಹರಕೆ ಆಟ ಮಾರಾಯ್ರೆ!”

ಅವರ ಊರಿನಲ್ಲಿ ಯಕ್ಷಗಾನಕ್ಕೆ ಎರಡು ದಾರಿ. ಡೇರೆ ಮೇಳದವರು ಟೆಂಟು ಹಾಕಿ ಟಿಕೆಟ್ ಮಾರುತ್ತಾರೆ. ಜನ ಬರದಿದ್ದರೆ ಯಜಮಾನ ಮುಳುಗಿದ. ಮಂದಾರ್ತಿಯಂಥ ಮೇಳದಲ್ಲಿ ಹರಕೆ ಹೊತ್ತವರು ಆಟ ಆಡಿಸುತ್ತಾರೆ. ವರ್ಷಗಟ್ಟಲೆ ಮುಂಚೆಯೇ ಬುಕ್ ಆಗಿರುತ್ತದೆ. ಟಿಕೆಟ್ಟಿಲ್ಲ, ಗೇಟಿಲ್ಲ, ಇಡೀ ಊರು ಬಂದು ನೋಡಬಹುದು. “ಹರಕೆಯವನಿಗೆ ಲಾಭ ಎಂತ ಅಂತ ಯಾರಾದರೂ ಕೇಳುತ್ತಾರಾ? ಅವನಿಗೆ ಮಗ ಪಾಸಾಗಿದ್ದಾನೆ, ಬೊಂಬಾಯಿಯ ಹೋಟೆಲು ನಡೆಯುತ್ತಾ ಉಂಟು. ಆಟ ಆಡಿಸಿದ, ಊರಲ್ಲಿ ಹೆಸರು ಬಂತು. ಹೋಟೆಲು ನಡೆಯುವವರೆಗೆ ಆಡಿಸುತ್ತಾನೆ.”

ನಾನು ಗಂಟೆಗಟ್ಟಲೆ ಹೇಳಬೇಕೆಂದಿದ್ದನ್ನು ಮನುಷ್ಯ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು. ಅಮೆಜಾನಿನ ಜೆಫ್ ಬೆಜೋಸ್ 2016ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ನಮ್ಮ ಧಾರಾವಾಹಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದರೆ ನಮ್ಮ ಶೂ ಹೆಚ್ಚು ಮಾರಾಟವಾಗುತ್ತದೆ ಎಂದು. ಅಮೆಜಾನಿನ ಪ್ರೈಮ್ ಸದಸ್ಯರಾದವರು ಸಿನಿಮಾ ನೋಡಲು ಬಂದು ಬಕೆಟ್ಟು, ಬ್ಯಾಟರಿ ಕೊಂಡು ಹೋಗುತ್ತಾರೆ.

“ಹರಕೆ ಆಟದಲ್ಲಿ ಪ್ರಸಂಗ ಯಾವುದು ಅಂತ ನಿರ್ಧರಿಸುವುದು ಯಾರು ಶೆಟ್ರೇ?” ಎಂದೆ.

“ಆಡಿಸುವವನೇ. ಭಾಗವತರು ಒಂದು ಮಾತು ಹೇಳಬಹುದಷ್ಟೇ.”

ಇಲ್ಲೇ ಇರುವುದು ತೊಡಕು. ಜಾನ್ ಸ್ಟೂವರ್ಟ್ ಎಂಬ ಹೆಸರಾಂತ ವಿಡಂಬನಕಾರ ಆಪಲಿಗಾಗಿ ಸುದ್ದಿ ಚರ್ಚೆಯ ಕಾರ್ಯಕ್ರಮ ನಡೆಸುತ್ತಿದ್ದ. ಚೀನಾ, ಕೃತಕ ಬುದ್ಧಿಮತ್ತೆಯಂಥ ವಿಷಯಗಳ ಮೇಲೆ ಭಿನ್ನಾಭಿಪ್ರಾಯ ಬಂತೆಂದು ವರದಿಯಾಗಿ, 2023ರ ಅಕ್ಟೋಬರಿನಲ್ಲಿ ಅದು ನಿಂತಿತು. ದೊಡ್ಡ ಕಂಪನಿಗಳ ಏಕಸ್ವಾಮ್ಯವನ್ನು ಪ್ರಶ್ನಿಸುತ್ತಿದ್ದ ಅಮೆರಿಕದ ಸರ್ಕಾರಿ ಅಧಿಕಾರಿ ಲೀನಾ ಖಾನ್ ಅವರನ್ನು ಮಾತಿಗೆ ಕರೆಯಬೇಡ ಎಂದು ಆಪಲ್ ಹೇಳಿತ್ತೆಂದು ಮುಂದಿನ ವರ್ಷ ಅವರನ್ನೇ ಎದುರಿಗೆ ಕೂರಿಸಿಕೊಂಡು ಸ್ಟೂವರ್ಟ್ ಹೇಳಿದ. ಚೀನಾದಲ್ಲಿ ಫೋನ್ ತಯಾರಾಗಬೇಕು, ಅಲ್ಲೇ ಮಾರಾಟವೂ ಆಗಬೇಕು. ಅಂಥವನಿಗೆ ಆ ಪ್ರಸಂಗ ಹಿಡಿಸೀತೇ? ಕಥೆ ಮಾತ್ರ ಮಾರುವವನಿಗೆ ಇಷ್ಟೊಂದು ನೆಂಟಸ್ತನಗಳ ಮುಲಾಜು ಇರುವುದಿಲ್ಲ.

“ಹಾಗಾದರೆ ಡೇರೆ ಮೇಳ ಯಾವುದು? ನೆಟ್‌ಫ್ಲಿಕ್ಸಾ?”

ಹೌದು. ಅದೂ ಹುಟ್ಟಿದ್ದು ತಂತ್ರಜ್ಞಾನದ ತವರಾದ ಕ್ಯಾಲಿಫೋರ್ನಿಯಾದಲ್ಲೇ, ಅಂಚೆಯಲ್ಲಿ ಡಿವಿಡಿ ಕಳಿಸುತ್ತಾ. 2013ರ ಫೆಬ್ರವರಿಯಲ್ಲಿ ‘ಹೌಸ್ ಆಫ್ ಕಾರ್ಡ್ಸ್’ ತಂದಾಗ ಪ್ರಾಯೋಗಿಕ ಕಂತನ್ನೂ ನೋಡದೆ ಎರಡು ಸೀಸನ್ನಿಗೆ ಮಾತು ಕೊಟ್ಟಿತ್ತು. ಅದಕ್ಕೆ ಮಾರಲು ಫೋನಿಲ್ಲ, ಚಪ್ಪಲಿಯಿಲ್ಲ. ಆಟ ಬಿಟ್ಟರೆ ಗತಿಯಿಲ್ಲ. ಆಟ ಆಡಿಸಲು ಸಾಲದ ಮೇಲೆ ಸಾಲ ಎತ್ತಿತು. 2019ರ ಕೊನೆಗೆ 1,400 ಕೋಟಿ ಡಾಲರಿಗೂ ಮೇಲೆ ಸಾಲವಿತ್ತು. ದಿನನಿತ್ಯದ ಖರ್ಚಿಗೆ ಇನ್ನು ಹೊರಗಿನ ಸಾಲ ಬೇಕಿಲ್ಲ ಎಂದು 2021ರ ಜನವರಿಯಲ್ಲಿ ಹೇಳಿತು. 2024 ಮುಗಿಯುವಾಗ ಚಂದಾದಾರರು 30 ಕೋಟಿ ದಾಟಿದ್ದರು.

ಈ ಗೆಲುವಿನಲ್ಲಿ ಕನ್ನಡದ ಪಾಲೆಷ್ಟು ಎಂದು ಕೇಳಿದರೆ ಮಾತು ಗಿಡ್ಡವಾಗುತ್ತದೆ. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ನಲ್ಲಿ ಬಂದವು. ಅವು ಸಿನಿಮಾಗಳು. ಕರಾವಳಿಯ ಕಥೆಗಳನ್ನು ಹೇಳುವ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಎತ್ತಿಕೊಳ್ಳದೆ, ರಕ್ಷಿತ್ ಶೆಟ್ಟಿ ಮತ್ತು ತಂಡ 2024ರ ಜುಲೈನಲ್ಲಿ ತಾವೇ ಒಂದು ಜಾಲತಾಣ ಕಟ್ಟಿ ಬಿಡುಗಡೆ ಮಾಡಬೇಕಾಯಿತು. 2025ರ ಏಪ್ರಿಲ್‌ನಲ್ಲಿ ‘ಅಯ್ಯನ ಮನೆ’ಗೆ ದುಡ್ಡು ಹಾಕಿದ್ದು ಜೀ5, ಅಂದರೆ ಹಳೇ ಟಿವಿಯವರೇ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಚೇರಿ ತೆರೆದಿರುವ ತಂತ್ರಜ್ಞಾನದ ದೊರೆಗಳಿಗೆ ಕನ್ನಡದಲ್ಲಿ ಹರಕೆ ಹೊರುವ ಸಂದರ್ಭ ಇನ್ನೂ ಕೂಡಿಬಂದಂತಿಲ್ಲ.

“ಒಟ್ಟಿನಲ್ಲಿ ಶೆಟ್ರೇ, ಕಥೆ ಬಲ್ಲವರ ಕೈಗೆ ಕೊಟ್ಟು ಸುಮ್ಮನೆ ಕಾಯುವ ಕಂಪನಿಗೆ ಒಳ್ಳೆಯ ಧಾರಾವಾಹಿ ಸಿಕ್ಕೇ ಸಿಗುತ್ತದೆ. ಗೆದ್ದದ್ದು ಕಂಪನಿಯೋ, ಧಾರಾವಾಹಿಯೋ ಅನ್ನೋದಷ್ಟೇ ಪ್ರಶ್ನೆ. ನೀವು ಮ್ಯಾನೇಜರಾಗಿದ್ದಾಗ ಈ ಫೋನಿನವರು ಧಾರಾವಾಹಿ ಮಾಡ್ತೀವಿ, ಸಾಲ ಕೊಡಿ ಅಂತ ಬಂದಿದ್ದರೆ ಕೊಡ್ತಿದ್ದಿರಾ?”

ಶೆಟ್ರು ನಲ್ಲಿಯ ಕಡೆ ಹೊರಟವರು ತಿರುಗಿ ನಿಂತರು.

“ಅವರಿಗೆ ಸಾಲ ಬೇಡವಲ್ಲ ಮಾರಾಯ್ರೆ, ಅದೇ ನನಗೆ ಹೆದರಿಕೆ. ಸಾಲ ಮಾಡಿ ಡೇರೆ ಹಾಕಿದವ ಮಳೆ ಬಂದರೂ ಆಟ ನಿಲ್ಲಿಸುವುದಿಲ್ಲ. ಹರಕೆಯವನದ್ದು ಹಾಗಲ್ಲ, ಮನಸ್ಸಾದರೆ ಬರುವ ವರ್ಷ ಆಟ ಬೇಡ, ಅನ್ನದಾನ ಮಾಡುವ ಅಂತಾನೆ. ಅದಕ್ಕೇ ನಾನು ಆ ಲ್ಯಾಂಬನ ಐದೂ ಸೀಸನ್ ಈ ವಾರದೊಳಗೆ ಮುಗಿಸುವುದು.”