ಬೀಗ ಭದ್ರ, ಬಾಗಿಲು ಯಾರದ್ದು?

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ದತ್ತಾತ್ರೇಯ ಮಧ್ಯಾಹ್ನದ ಹೊತ್ತು ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆಯಿದೆ. ಹಾಗಾಗಿ ಜೋಳಿಗೆ ಹಿಡಿದು ನಿಂತವರನ್ನು ಭಕ್ತರು ಯಾರು, ಏನು ಎಂದು ವಿಚಾರಿಸುವುದಿಲ್ಲ. 2022ರ ಜೂನ್‌ನಲ್ಲಿ ಹೊರಬಿದ್ದ ಸುದ್ದಿ ನೋಡಿದರೆ ಜೋಳಿಗೆಯೂ ಕಾಲಕ್ಕೆ ತಕ್ಕ ರೂಪ ತಾಳಿತ್ತು: ದೇವಸ್ಥಾನದ ಹೆಸರಲ್ಲಿ ನಕಲಿ ವೆಬ್‌ಸೈಟ್‌ಗಳು, ಪೂಜೆಗೆ ಆನ್‌ಲೈನ್ ಪಾವತಿ, ಹಣ ಮಾತ್ರ ಖಾಸಗಿ ಖಾತೆಗೆ. ಆರೋಪ ಬಂದದ್ದು ಅರ್ಚಕರ ಮೇಲೆಯೇ. ಮೊತ್ತ ಸುಮಾರು 20 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು.

ಇಂಥ ಸುದ್ದಿ ಬಂದಾಗಲೆಲ್ಲ ಸೈಬರ್ ಜಾಗೃತಿಯ ಭಾಷಣಕಾರರದು ಒಂದೇ ಮಂತ್ರ: ಬ್ರೌಸರಿನಲ್ಲಿ ಬೀಗದ ಗುರುತು ಇದೆಯೇ ನೋಡಿ. ನೋಡಬೇಕು, ಸರಿ. ನೀವು ಕಳಿಸುವುದನ್ನು ದಾರಿಯಲ್ಲಿ ಮುಚ್ಚಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ ತಾಣಕ್ಕಿದೆ ಎಂಬುದೇ ಆ ಬೀಗದ ಅರ್ಥ. ಎಸ್‌ಎಸ್‌ಎಲ್ ಪ್ರಮಾಣಪತ್ರವಿಲ್ಲದ ತಾಣದಲ್ಲಿ ನೀವು ಹೊಡೆದ ಪಾಸ್‌ವರ್ಡು, ಆಧಾರ್ ಸಂಖ್ಯೆ ಎಲ್ಲ ಬಯಲಲ್ಲೇ ಸಾಗುತ್ತವೆ. ಲಾಡ್ಜಿನ ವೈಫೈ ನಡೆಸುವವನೂ ಓದಬಹುದು, ಮನಸ್ಸು ಬಂದರೆ ನಡುದಾರಿಯಲ್ಲಿ ತಿದ್ದಲೂಬಹುದು. 2018ರ ಜುಲೈಯಿಂದ ಕ್ರೋಮ್ ಅಂಥ ತಾಣಗಳ ಹಣೆಗೆ ‘ನಾಟ್ ಸೆಕ್ಯೂರ್’ ಎಂದು ಚೀಟಿ ಹಚ್ಚುತ್ತಿದೆ. ಆದರೆ ಜೇವರ್ಗಿಯ ತೊಗರಿ ಚೀಲದ ಬಾಯಿ ಹೊಲಿದು ಮುದ್ರೆ ಒತ್ತಿದರೆ, ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಒಳಗಿರುವುದು ತೊಗರಿಯೋ ಕಲ್ಲೋ, ಮುದ್ರೆ ಹೇಳುವುದಿಲ್ಲ. ಬೀಗವೂ ಅಷ್ಟೇ. ನಕಲಿ ತಾಣ ಕಟ್ಟುವವನಿಗೂ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ, ನಿಮಿಷಗಳಲ್ಲಿ ಪ್ರಮಾಣಪತ್ರ ಕೊಡುತ್ತದೆ. ಅದು ಕೇಳುವುದು ಒಂದೇ: ಈ ವಿಳಾಸ ನಿನ್ನ ಹಿಡಿತದಲ್ಲಿದೆಯೇ? ಗರ್ಭಗುಡಿಯ ವಿಚಾರ ಅದಕ್ಕೆ ಬೇಡ. ಪುಣೆಯ ಭಕ್ತನ ಕಾರ್ಡ್ ಸಂಖ್ಯೆ ವಂಚಕನ ಕೈಗೆ ಒಂದಂಕಿಯೂ ಸೋರದೆ ತಲುಪುತ್ತದೆ. ಜನ ಬೀಗವನ್ನು ಪ್ರಾಮಾಣಿಕತೆಯ ಗುರುತೆಂದು ನಂಬಿದ್ದಾರೆಂದು ಗೂಗಲ್ 2023ರಲ್ಲಿ ಕ್ರೋಮಿನಿಂದ ಆ ಚಿತ್ರವನ್ನೇ ಕಿತ್ತುಹಾಕಿತು. ನಮ್ಮ ಭಾಷಣಗಳಲ್ಲಿ ಅದು ಇನ್ನೂ ತೂಗಾಡುತ್ತಿದೆ.

ಪ್ರಮಾಣಪತ್ರ ಕೊಡುವ ಕೈ ಸರ್ಕಾರದ್ದಾದರೆ ನಿಶ್ಚಿಂತೆ ಎನ್ನುವವರಿಗೆ 2014ರ ಜುಲೈ ನೆನಪಿಸಬೇಕು. ನಮ್ಮ ಕೇಂದ್ರ ಸರ್ಕಾರದ್ದೇ ಆದ ಎನ್‌ಐಸಿಯ ವ್ಯವಸ್ಥೆಯಿಂದ ಗೂಗಲ್ ತಾಣಗಳ ಹೆಸರಲ್ಲೇ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಜಾತಿ ಪ್ರಮಾಣಪತ್ರಕ್ಕಾಗಿ ತಹಸೀಲ್ದಾರ್ ಕಚೇರಿಗೆ ಚಪ್ಪಲಿ ಸವೆಸಿದವನು ಇದನ್ನು ಕೇಳಿದರೆ ಏನನ್ನಬೇಕು? ಗೂಗಲ್ ಅರ್ಜಿಯನ್ನೇ ಹಾಕಿರಲಿಲ್ಲ.

ಆಳಂದ ವಿಧಾನಸಭಾ ಕ್ಷೇತ್ರದ ಕಥೆ ಇನ್ನೂ ಸೊಗಸು. ಅಲ್ಲಿಯ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 2022ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದರೆ ಸರಿಯಾದವು 24. ಉಳಿದ 5,994 ತಿರಸ್ಕೃತ. ಅರ್ಜಿ ಹಾಕಿದವರೆಂದು ದಾಖಲಾದ ಹಲವರಿಗೆ ತಾವು ಅರ್ಜಿ ಹಾಕಿದ ಸುದ್ದಿಯೇ ಗೊತ್ತಿರಲಿಲ್ಲ. 2023ರ ಫೆಬ್ರುವರಿ 21ರಂದು ಎಫ್‌ಐಆರ್ ಆಯಿತು. ಚುನಾವಣಾ ಆಯೋಗದ ತಾಣಕ್ಕೆ ಬೀಗ ಇರಲಿಲ್ಲವೇ? ಭರ್ಜರಿಯಾಗಿತ್ತು. ಸುಳ್ಳರ್ಜಿಗಳು ಪರಮ ಗೋಪ್ಯವಾಗಿ ಆಯೋಗದ ಕಂಪ್ಯೂಟರ್ ಸೇರಿದವು. ದಾರಿಯಲ್ಲಿ ಯಾರಾದರೂ ಕೈಹಾಕಿ ಅವನ್ನು ನಿಜ ಮಾಡಿಬಿಟ್ಟಾರೆಂಬ ಭಯವೇ ಇರಲಿಲ್ಲ. ಕೊನೆಗೆ ಎಡವಟ್ಟು ಹಿಡಿದದ್ದು ಯಾವ ಸಾಫ್ಟ್‌ವೇರೂ ಅಲ್ಲ, ತನ್ನ ಬಂಧುವಿನ ಹೆಸರಿಗೇ ಕತ್ತರಿ ಬೀಳುವುದನ್ನು ಕಂಡ ಬೂತ್ ಮಟ್ಟದ ಅಧಿಕಾರಿ.

2025ರ ಸೆಪ್ಟೆಂಬರ್‌ನಲ್ಲಿ ಆಳಂದದ ಇದೇ ಸುಳ್ಳರ್ಜಿಗಳ ಸುದ್ದಿ ದೇಶದ ಬಾಯಲ್ಲಿ ನಲಿದಾಡಿತು. ಅದೇ ತಿಂಗಳು ಇಂಥ ಅರ್ಜಿಗಳಿಗೆ ಆಯೋಗದ ಹೊಸ ಇ-ಸಹಿಯೂ ಬಂತು: ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ. ಅದು ಯಾರಿಗೂ ಹೇಳಬಾರದ ಗುಟ್ಟು.

ಇಂಥ ಗುಟ್ಟಿನ ಗತಿ ನೋಡಬೇಕಾದರೆ ಬೆಳೆ ವಿಮೆ ತುಂಬುವ ಕೊನೆಯ ದಿನ ಜೇವರ್ಗಿಯ ಯಾವುದಾದರೂ ಆನ್‌ಲೈನ್ ಸೆಂಟರ್ ಮುಂದೆ ನಿಲ್ಲಿ. ಟೇಬಲ್ಲಿನ ಮೇಲೆ ಊರವರ ಆಧಾರ್ ಝೆರಾಕ್ಸುಗಳು ಮುಖ ಮೇಲಾಗಿ ಮಲಗಿರುತ್ತವೆ. ತಾಣದ ಪ್ರಮಾಣಪತ್ರದ ಅವಧಿ ಮುಗಿದು ಪರದೆ ತುಂಬ ಎಚ್ಚರಿಕೆ ಬಂದರೂ ಕಂಪ್ಯೂಟರ್ ಹುಡುಗ ಬೆದರುವವನಲ್ಲ. ‘ಅಡ್ವಾನ್ಸ್ಡ್’ ಒತ್ತಿ ಮುಂದೆ ನುಗ್ಗುತ್ತಾನೆ. ಹಿಂದೆ ಸಾಲಿದೆ.

“ಕಾಕಾ, ಒಟಿಪಿ ಬಂದದೇನ್ ನೋಡ್ರಿ.”

“ನನಗ ಓದ್ಲಿಕ್ಕ ಬರಲ್ಲಪಾ.”

ಸಾಲಿನಲ್ಲಿದ್ದ ಒಬ್ಬ ಪರೋಪಕಾರಿ ಫೋನ್ ಇಸಕೊಂಡು ಆರೂ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ.

“ಇನ್ನೊಮ್ಮೆ ಹೇಳ್ರಿ, ಫ್ಯಾನಿನ ಸಪ್ಪಳದಾಗ ಕೇಳಿಸವಲ್ದು!”