ಹೆಪ್ಪಿಲ್ಲದ ನೀರಿಗೆ ಮೀನು ಬಿಡಿಸಬೇಡಿ

ಅಕ್ವೇರಿಯಂ ಅಂಗಡಿಯ ಮಾಲೀಕರಿಗೆ,

ನಿಮ್ಮ ಅಂಗಡಿಯ ಹೆಸರು ಬರೆಯುತ್ತಿಲ್ಲ. ಈ ಮಾತು ನಿಮ್ಮೊಬ್ಬರಿಗೇ ಹೇಳುವಂಥದ್ದಲ್ಲ.

ಹೋದ ವರ್ಷ ಮಗಳ ಹುಟ್ಟುಹಬ್ಬದ ಸಂಜೆ ನಿಮ್ಮಲ್ಲಿಗೆ ಬಂದಿದ್ದೆವು. ಒಂದು ಗಾಜಿನ ಬೌಲ್, ಬಣ್ಣದ ಕಲ್ಲು, ಎರಡು ಗೋಲ್ಡ್ ಫಿಶ್, ಒಂದು ಡಬ್ಬಿ ಆಹಾರ, ಎಲ್ಲವನ್ನೂ ಹತ್ತೇ ನಿಮಿಷದಲ್ಲಿ ಕಟ್ಟಿಕೊಟ್ಟಿರಿ. ‘ವಾರಕ್ಕೊಮ್ಮೆ ನೀರು ಪೂರ್ತಿ ಬದಲಾಯಿಸಿ, ಅಷ್ಟೇ’ ಅಂದಿರಿ. ನಾಲ್ಕನೆಯ ದಿನ ಬೆಳಿಗ್ಗೆ ಎರಡೂ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿವಾಗಿರಬೇಕು ಎಂದುಕೊಂಡ ಮಗಳು ಇನ್ನೊಂದು ಚಿಟಿಕೆ ಆಹಾರ ಹಾಕಿದಳು. ಸಂಜೆ ಶಾಲೆಯಿಂದ ಬಂದಾಗ ಒಂದು ಮೀನು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿತ್ತು, ಕಿವಿರಿನ ಅಂಚು ರಕ್ತ ಒಸರಿದ ಹಾಗೆ ಕೆಂಪಾಗಿತ್ತು. ಇನ್ನೊಂದು ಮರುದಿನ ಹೋಯಿತು. ‘ನಾನೇ ಕೊಂದೆನಾ?’ ಎಂದು ಮಗು ಕೇಳಿತು.

ಅವಳು ಕೊಲ್ಲಲಿಲ್ಲ. ಏನಾಯಿತೆಂದು ನಾನು ಆಮೇಲೆ ಕಲಿತೆ, ನಿಮಗೆ ಮೊದಲೇ ಗೊತ್ತಿತ್ತು. ಮೀನು ಕಿವಿರಿನಿಂದ ಅಮೋನಿಯ ಹೊರಬಿಡುತ್ತದೆ. ಅದರ ಹೊಲಸು, ಕೊಳೆತ ಆಹಾರ, ಇವೂ ಅಮೋನಿಯವೇ ಆಗುತ್ತವೆ. ಕೆರೆಯಲ್ಲಾದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಅದನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಹೊಸ ಗಾಜು, ಹೊಸ ಕಲ್ಲು, ಹೊಸ ನೀರಿನಲ್ಲಿ ಈ ಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಮ್ಮ ಬೌಲಿಗೆ ಆಗಿದ್ದು ನಾಲ್ಕೇ ದಿನ.

ನಮ್ಮಮ್ಮನಿಗೆ ಇದನ್ನು ವಿವರಿಸಿದಾಗ ಅವರು, ‘ಹೆಪ್ಪು ಹಾಕದೆ ಮೊಸರು ಆಗತ್ತೇನೋ?’ ಅಂದರು. ಅದಕ್ಕಿಂತ ಸರಿಯಾದ ಮಾತು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಸಾಕು, ಹೊಸ ಟ್ಯಾಂಕಿಗೆ ಅದೇ ಹೆಪ್ಪು. ನಿಮ್ಮ ಅಂಗಡಿಯ ಗೋಡೆಯುದ್ದಕ್ಕೂ ಅಂಥ ಟ್ಯಾಂಕುಗಳು ಓಡುತ್ತಿದ್ದವು. ಪಕ್ಕದ ಮನೆಯವರು ಹೆಪ್ಪು ಕೇಳಿ ಬಂದರೆ ನಾವು ಯಾರೂ ಇಲ್ಲ ಅನ್ನುವುದಿಲ್ಲ.

ಎರಡನೆಯ ಸಲ ನಾನು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದೆ. ತುಂಬಿದರೆ ನೀರೇ ಸುಮಾರು 56 ಕಿಲೋ ತೂಗುತ್ತದೆ. ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವಂತಿಲ್ಲ. ನಲ್ಲಿ ನೀರನ್ನು ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿಯೇ ಸುರಿದೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಬೇಕಾದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸ್ಪಾಂಜ್ ಫಿಲ್ಟರ್ ಓಡಿಸಿ, ಮೀನಿಲ್ಲದ ನೀರಿಗೆ ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಾ ಬಂದೆ. ಹದಿನೈದು ದಿನವಾದ ಮೇಲೂ ಟೆಸ್ಟ್ ಕಿಟ್ಟಿನ ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ಹಸಿರಾಗುತ್ತಿತ್ತು, ಅಂದರೆ ಅಮೋನಿಯ ಇನ್ನೂ ಇತ್ತು. ಮಗಳು ದಿನಾ ಸಂಜೆ ನಳಿಗೆಯನ್ನು ಬಿಳಿ ಹಾಳೆಯ ಮುಂದೆ ಹಿಡಿದು ಬಣ್ಣ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಮೂವತ್ತಾರನೆಯ ದಿನ ಅದು ನಿಚ್ಚಳ ಹಳದಿಯಾಯಿತು. ನೈಟ್ರೈಟೂ ಸೊನ್ನೆಗೆ ಇಳಿಯಿತು. ಆಗ ಆರು ಗಪ್ಪಿಗಳು ಬಂದವು. ನಮ್ಮ ಬೋರ್‌ವೆಲ್ ನೀರು ಬೆರೆತ ಗಡಸು ನೀರು ಗಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸುತ್ತೇವೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇವೆ, ನಲ್ಲಿಯ ಕೆಳಗೆ ಹಿಡಿಯುವುದಿಲ್ಲ.

ಇನ್ನೊಂದು ವಿಷಯ. ಬೆರಳುದ್ದದ ಗೋಲ್ಡ್ ಫಿಶ್ ಅಂಗೈಗಿಂತ ದೊಡ್ಡದಾಗಿ ಬೆಳೆದು, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಮೀರಿ ಬದುಕುವ ಜೀವ. ಅದಕ್ಕೆ ಬೌಲ್ ಮನೆಯಲ್ಲ. ಪಾಚಿ ತಿನ್ನುತ್ತದೆ ಎಂದು ನೀವು ಕೊಡುವ ಸಕ್ಕರ್ ಮೀನು ಒಂದಡಿ ದಾಟುತ್ತದೆ. ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಈಗ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳ ಪಾಲು ಕಸಿಯುತ್ತಿದೆ.

ಇದನ್ನೆಲ್ಲ ಹೇಳಿದರೆ ವ್ಯಾಪಾರ ಕೆಡುತ್ತದೆ ಎನ್ನುವಿರಾ? ಮೀನು ಸತ್ತ ಮನೆಯವರು ಮತ್ತೆ ಬರುವುದಿಲ್ಲ, ಅವರ ಬೌಲ್ ಅಟ್ಟ ಸೇರುತ್ತದೆ. ನಮ್ಮ ಮನೆಯದೂ ಅಲ್ಲೇ ಇದೆ. ಮೀನು ಬದುಕಿದ ಮನೆಯವರು ಆಹಾರಕ್ಕೆ, ಗಿಡಕ್ಕೆ, ಇನ್ನೊಂದು ಟ್ಯಾಂಕಿಗೆ ವರ್ಷಗಟ್ಟಲೆ ಬರುತ್ತಾರೆ.

ಹಾಗಾಗಿ ನನ್ನದೊಂದೇ ಕೋರಿಕೆ. ಮೊದಲ ಸಲ ಬರುವವರಿಗೆ ಟ್ಯಾಂಕ್, ಫಿಲ್ಟರ್, ಟೆಸ್ಟ್ ಕಿಟ್ ಮಾರಿ, ರೋಗವಿಲ್ಲದ ಟ್ಯಾಂಕಿನಿಂದ ಒಂದು ತುಂಡು ಸ್ಪಾಂಜ್ ಕತ್ತರಿಸಿ ಕೈಗೆ ಕೊಡಿ. ನೀರು ಪರೀಕ್ಷೆ ಮಾಡಿಕೊಂಡು ಬಂದ ಮೇಲೆ ಮೀನು ಕೊಡುತ್ತೇನೆ ಎಂದು ಹೇಳಿ ಕಳಿಸಿ.

ಇತಿ,
ನಿಮ್ಮ ಹಳೆಯ ಗಿರಾಕಿ