ಕಿವಿ ಮನೆಯಲ್ಲಿಟ್ಟು ಹೈ-ಫೈ ಕೊಳ್ಳುವ ವಿಧಾನ

ಬ್ಯಾಡರಹಳ್ಳಿಯಿಂದ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ನಿಮಗಿಷ್ಟವಾದ ಹಾಡನ್ನು ನೆನೆಸಿಕೊಳ್ಳಬೇಡಿ. ನೆನಪಾದರೆ ಅಂಗಡಿಯಲ್ಲಿ ಅದನ್ನೇ ಹಾಕಿಸುತ್ತೀರಿ. ಹಾಕಿಸಿದರೆ ಕೇಳುತ್ತೀರಿ. ಕೇಳಿದರೆ ಕಮ್ಮಿ ಬೆಲೆಯದೇ ಹಿಡಿಸಿಬಿಡುವ ಅಪಾಯವಿದೆ.

ಅಂಗಡಿಗೆ ಹೋದೊಡನೆ ಡಬ್ಬದ ಮೇಲಿನ ಅಂಕಿಗಳನ್ನು ಓದಿ. ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಕಂಡರೆ ನಂಬಿ. ಅಂಗೈಯಗಲದ ಸ್ಪೀಕರ್ ಅಷ್ಟನ್ನು ಹೇಗೆ ಕೊಟ್ಟೀತು ಎಂದು ಯೋಚಿಸುವುದು ನಿಮ್ಮ ಕೆಲಸವಲ್ಲ. ಆರ್‌ಎಂಎಸ್ ಎಷ್ಟೆಂದು ಕೇಳಲೇಬೇಡಿ. ಅದು ಬಿಡದೆ ಕೊಡಬಲ್ಲ ನಿಜವಾದ ಶಕ್ತಿ, ಕೇಳಿದರೆ ಮನಸ್ಸಿಗೆ ಬೇಜಾರು. 50 ವ್ಯಾಟ್‌ನ ಆಂಪ್ಲಿಫೈಯರ್ ಬಿಟ್ಟು 100ರದ್ದನ್ನೇ ತನ್ನಿ. ಹೆಚ್ಚುವುದು ಬರೀ 3 ಡೆಸಿಬಲ್, ಎರಡು ಪಟ್ಟು ಜೋರು ಅನ್ನಿಸಲು ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು ಎಂದು ಯಾರಾದರೂ ಹೇಳಿದರೆ, ಪಾಪ, ಅವರ ಹತ್ತಿರ ದುಡ್ಡಿಲ್ಲ ಎಂದು ತಿಳಿಯಿರಿ.

40,000 ಹರ್ಟ್ಸ್‌ವರೆಗೆ ನುಡಿಸುವ ಸ್ಪೀಕರನ್ನೇ ಆರಿಸಿ. ಮನುಷ್ಯನ ಕಿವಿ 20,000ಕ್ಕೇ ಕೈಚೆಲ್ಲುತ್ತದೆ, ಐವತ್ತು ದಾಟಿದವರಿಗೆ ಅಷ್ಟೂ ಇಲ್ಲ. ಉಳಿದದ್ದು ಬೀದಿನಾಯಿಗಳ ಪಾಲು. ಅವಕ್ಕೂ ಮನರಂಜನೆ ಬೇಕಲ್ಲ.

ಎರಡು ಸೆಟ್ ಹೋಲಿಸಲೇಬೇಕಾದರೆ ದುಬಾರಿಯದ್ದರ ವಾಲ್ಯೂಮ್ ಒಂದು ಚೂರು ಏರಿಸಲು ಹುಡುಗನಿಗೆ ಹೇಳಿ. ತುಸು ಜೋರಾದದ್ದೇ ಚೆಂದ ಎನ್ನಿಸುವುದು ಕಿವಿಯ ಹಳೆಯ ದೌರ್ಬಲ್ಯ. ಒಂದೇ ಮಟ್ಟಕ್ಕೆ ತಂದು ಕೇಳಿದರೆ ಪಂದ್ಯ ಕೆಡುತ್ತದೆ.

ಈಗ ಮನೆ. ಅರ್ಧ ಕಾಸು ಹಾಳಾಗುವುದು ಇಲ್ಲೇ, ಆದ್ದರಿಂದ ಶ್ರದ್ಧೆಯಿಟ್ಟು ಮಾಡಿ. ಮೂವತ್ತು-ನಲವತ್ತರ ಸೈಟಿನ ಹಾಲು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಎದುರಿಗೆ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಎಂದು ವಾಪಸ್ಸು ಬರುತ್ತದೆ, ತಟ್ಟಬೇಡಿ. ಜಮಖಾನೆ ಹಾಸಿ ದಪ್ಪ ಪರದೆ ಕಟ್ಟಿದರೆ ಸದ್ದು ಹದಕ್ಕೆ ಬರುತ್ತದೆ, ಹಾಗಾಗಿ ಆ ದುಡ್ಡಿಗೆ ಬಂಗಾರದ ಲೇಪದ ವೈರ್ ತನ್ನಿ. ಸ್ಪೀಕರುಗಳನ್ನು ಷೋಕೇಸಿನ ಪಕ್ಕ ಮೂಲೆಗೆ ಒತ್ತರಿಸಿ. ಮೂಲೆ ಬೇಸನ್ನು ಉಬ್ಬಿಸುತ್ತದೆ. ಮೃದಂಗದ ಎಡಗಡೆ ಗುಮ್ಮೆಂದಾಗಲೆಲ್ಲ ಒಳಗಿನ ಸ್ಟೀಲ್ ಲೋಟಗಳು, ಮಗನ ಕಬಡ್ಡಿ ಕಪ್ಪು, ಗೃಹಪ್ರವೇಶದಲ್ಲಿ ಬಂದ ಗಾಜಿನ ಬಾತುಕೋಳಿ ಎಲ್ಲವೂ ಗಿಣಿಗಿಣಿ ಎನ್ನಬೇಕು. ಎನ್ನದಿದ್ದರೆ ಇನ್ನೂ ಒತ್ತರಿಸಿ.

ಕರಪತ್ರದಲ್ಲಿ ಸಿಗ್ನಲ್-ಟು-ನಾಯ್ಸ್, ಅಂದರೆ ಹಾಡಿಗೂ ಗದ್ದಲಕ್ಕೂ ಇರುವ ಅಂತರ, 120 ಡೆಸಿಬಲ್ ಎಂಬ ಸಾಲಿಗೆ ಹಳದಿ ಗೆರೆ ಎಳೆದಿಡಿ. ಸಿ.ಡಿ.ಯೇ ಸುಮಾರು 96ಕ್ಕೆ ನಿಲ್ಲುತ್ತದೆ; ಮಾಗಡಿ ರಸ್ತೆಯ ಬಸ್ಸು, ಎದುರು ಸೈಟಿನ ಕಾಂಕ್ರೀಟ್ ಮಿಕ್ಸರ್ ಅಷ್ಟನ್ನೂ ಉಳಿಸುವುದಿಲ್ಲ. ಗೆರೆ ಮಾತ್ರ ಅಳಿಸಬೇಡಿ.

ಒಂದು ಹಳೆಯ ತರಲೆ ಬಂದೇ ಬರುತ್ತದೆ. 1978ರಲ್ಲಿ ಬಂದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಜನ ಟೇಪಿನ ಸುಸ್ಸ್ ಸದ್ದಿನ ಸಮೇತ ಮನಸಾರೆ ಕೇಳಿದರಲ್ಲ ಎನ್ನುತ್ತಾರೆ. ಆಗ ಜನರಿಗೆ ಸ್ಪೆಸಿಫಿಕೇಷನ್ ಓದಲು ಬರುತ್ತಿರಲಿಲ್ಲ ಎಂದು ವಿಷಯ ಮುಗಿಸಿ.

ಅಮ್ಮ ಮಾತ್ರ ಮುಗಿಸಲು ಬಿಡುವುದಿಲ್ಲ. ಹೊಸ ಸೆಟ್ಟಿನಲ್ಲಿ ಮನ್ಸೂರರ ಹಾಡುಗಾರಿಕೆ ಕೇಳಿ, ‘ಅವರ ಹಿಂದೆ ತಂಬೂರಿ ಇರ್ತಿತ್ತಲ್ಲೋ, ಎಲ್ಲಿ ಹೋಯ್ತು?’ ಎನ್ನುತ್ತಾರೆ. ಕೂಡಲೇ ಕರಪತ್ರ ಬಿಡಿಸಿ ಹಳದಿ ಗೆರೆ ತೋರಿಸಿ. ‘ಸರಿ ಕಣಪ್ಪ, ಅದನ್ನೇ ಹಾಕು, ಕೇಳೋಣ’ ಎಂದರೆ ಕರೆಂಟು ಹೋಗಿದೆ ಎನ್ನಿ. ಯುಪಿಎಸ್ ಇರುವ ಮನೆಯಾದರೆ ಅದನ್ನು ಮೊದಲೇ ಆಫ್ ಮಾಡಿಟ್ಟಿರಿ.